ಅತಿಥಿ ಬರೆದ ಊರು, ಮನೆಯವರು ಬರೆದ ಊರು

ಯುದ್ಧ ಮುಗಿದ ಮೇಲೆ ಬಾಸ್ನಿಯದ ಸರಾಯೆವೊ ನಗರಕ್ಕೆ ಹೋಗಿಬಂದವರ ಪ್ರವಾಸಕಥನಗಳನ್ನು ನಾನು ಆಸೆಯಿಂದಲೇ ಓದುತ್ತೇನೆ. ಆದರೆ ಎರಡು ಮೂರು ಓದುವಷ್ಟರಲ್ಲಿ ಎಲ್ಲಕ್ಕೂ ಒಂದೇ ರುಚಿ. ಬಾಶ್‌ಚಾರ್ಶಿಯ ಹಳೆಪೇಟೆಯ ಕಲ್ಲುಹಾಸಿನ ಬೀದಿ, ತಾಮ್ರದ ಜೆಜ್ವದಲ್ಲಿ ಕಾಯಿಸಿದ ಕಾಫಿ, ಹಿಡಿಯಿಲ್ಲದ ಪುಟ್ಟ ಬಟ್ಟಲು, ಪಕ್ಕದಲ್ಲಿ ಒಂದು ತುಂಡು ಲೋಕುಮ್ ಮಿಠಾಯಿ. ಬಳಿಕ ಗೋಡೆಯಲ್ಲಿ ಗುಂಡಿನ ತೂತು. ಇಷ್ಟೆಲ್ಲ ಉಂಡೂ ಈ ಜನ ಎಷ್ಟು ಉದಾರಿಗಳು ಎಂಬ ಉದ್ಗಾರ. ಲೇಖಕನ ಹೊಟ್ಟೆ ತುಂಬಿತು, ಕಥನವೂ ಮುಗಿಯಿತು.

ಆ ಆತಿಥ್ಯ ಸುಳ್ಳಲ್ಲ. ನಾನೂ ಅದರ ಋಣಿಯೇ. ಗುಡ್ಡದ ಮಗ್ಗುಲಿನ ಮನೆಯೊಂದರಲ್ಲಿ ವೃದ್ಧೆಯೊಬ್ಬರು ಬಟ್ಟಲು ಬರಿದಾಗಲು ಬಿಡದೆ ಕಾಫಿ ಸುರಿದರು. ಸಾಕೆಂದರೆ ಅವರಿಗೆ ಕಿವಿ ಕೇಳಿಸದು! ಆದರೆ ಕಿಟಕಿಯಾಚೆಯ ಬೆಟ್ಟದ ಚೆಲುವನ್ನು ನಾನು ಹೊಗಳಿದಾಗ ಅವರು ಏನೂ ಆಡಲಿಲ್ಲ. 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿಯವರೆಗೆ, 1425 ದಿನ, ಊರನ್ನು ಸುತ್ತುವರಿದ ಬೆಟ್ಟಗಳಿಂದಲೇ ಫಿರಂಗಿಗಳು ಬೆಂಕಿ ಕಾರಿದ್ದವು. ಆ ಮೌನವನ್ನು ಬಿಟ್ಟು ಕಾಫಿಯನ್ನಷ್ಟೇ ಬರೆದರೆ ಉಪಚಾರದ ಋಣ ತೀರೀತೆ?

ಮನೆಯವರೇ ಬರೆದ ಪುಸ್ತಕವೊಂದಿದೆ. ಮುತ್ತಿಗೆಯ ನಡುವೆಯೇ, 1993ರಲ್ಲಿ, ಫಾಮಾ ಎಂಬ ಅಲ್ಲಿನ ಬಳಗ ಹೊರತಂದ ‘ಸರಾಯೆವೊ ಸರ್ವೈವಲ್ ಗೈಡ್’. ಮೇಲ್ನೋಟಕ್ಕೆ ಪ್ರವಾಸಿಯ ಕೈಪಿಡಿ: ನೀರೆಲ್ಲಿ, ಊಟ ಹೇಗೆ, ಓಡಾಟ ಹೇಗೆ. ಆದರೆ ನಲ್ಲಿಯಲ್ಲಿ ನೀರಿಲ್ಲ, ಮನೆಯಲ್ಲಿ ವಿದ್ಯುತ್ತಿಲ್ಲ. ರಸ್ತೆ ದಾಟುವುದೆಂದರೆ ಅಡಗಿ ಕುಳಿತ ಬಂದೂಕುಗಾರನ ಕಣ್ಣೆದುರು ಪ್ರಾಣ ಹಿಡಿದು ಓಡುವುದು. ಸಿಕ್ಕಿದ್ದರಲ್ಲಿ ಅಡುಗೆ ಮಾಡುವ ಕ್ರಮವನ್ನೂ ಹೇಳಿದ್ದಾರೆ. ಪುಸ್ತಕದ ಸತ್ತ್ವವೆಲ್ಲ ಅದರ ದನಿಯಲ್ಲಿದೆ. ಗೋಳಾಟವಿಲ್ಲ, ಅಂಗಲಾಚುವುದಿಲ್ಲ; ಅನುಭವಸ್ಥ ಹೋಟೆಲು ಯಜಮಾನ ಹೊಸ ಗಿರಾಕಿಗೆ ಹೇಳುವಷ್ಟು ಸಾವಧಾನ. ಬರುವವನು ಬರಲಿ, ಆದರೆ ಓಡಲು ಬರುವ ಪಾದರಕ್ಷೆ ತೊಟ್ಟು ಬರಲಿ! ಉಪಚಾರದ ಮಾತಿನಲ್ಲೇ ಲೋಕವನ್ನು ತರಾಟೆಗೆ ತೆಗೆದುಕೊಳ್ಳುವ ಈ ಬಗೆ ನನಗೆ ಬೇರೆಲ್ಲಿಯೂ ಕಂಡಿಲ್ಲ. ಕನಿಕರಪಡಲು ಬಂದ ಅತಿಥಿಯ ಕೈಗೆ ಇವರು ನೀರಿನ ಕೊಡ ಕೊಟ್ಟು ಸಾಲಿನಲ್ಲಿ ನಿಲ್ಲಿಸುತ್ತಾರೆ.

ಕೊರತೆಯಿಲ್ಲವೆಂದಲ್ಲ. ವ್ಯಂಗ್ಯ ಅಲ್ಲಲ್ಲಿ ರೂಢಿಯಾಗಿಬಿಡುತ್ತದೆ. ಊರು ಕಾಣುತ್ತದೆ, ಒಬ್ಬೊಬ್ಬರ ಮುಖ ಕಾಣುವುದಿಲ್ಲ. ಅದಕ್ಕೆ 1994ರಲ್ಲಿ ಬಂದ ಮಿಲ್ಯೆಂಕೊ ಯೆರ್ಗೊವಿಚ್ ಅವರ ಕಥಾಸಂಕಲನ ‘ಸರಾಯೆವೊ ಮಾರ್ಲ್‌ಬೊರೊ’ವನ್ನೇ ಹಿಡಿಯಬೇಕು. ಸಣ್ಣ ಸಣ್ಣ ಕಥೆಗಳು, ಸಣ್ಣ ಸಣ್ಣ ಮನುಷ್ಯರು. ಅದರಲ್ಲಿನ ‘ಗ್ರಂಥಾಲಯ’ ಎಂಬ ಕಥೆ ಜನರ ಮನೆಗಳಲ್ಲಿದ್ದ ಪುಸ್ತಕಗಳು ಉರಿದುಹೋದುದನ್ನು ಹೇಳುತ್ತದೆ. ರಾಷ್ಟ್ರೀಯ ಗ್ರಂಥಾಲಯವಿದ್ದ ವಿಯೆಚ್ನಿತ್ಸ ಭವನ 1992ರ ಆಗಸ್ಟ್‌ನಲ್ಲಿ ಸುಟ್ಟುಹೋದ ಸುದ್ದಿ ಲೋಕಕ್ಕೆಲ್ಲ ಮುಟ್ಟಿತು. 2014ರಲ್ಲಿ ಅದು ದುರಸ್ತಿಯಾಗಿ ಮತ್ತೆ ತೆರೆಯಿತು, ಪ್ರವಾಸಿಗಳು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಮನೆಗಳ ಪುಸ್ತಕಗಳಿಗೆ ಆ ಭಾಗ್ಯವೆಲ್ಲಿ? ಆ ಕಥೆ ಓದಿಕೊಂಡು ಹೋದವನು, ಕಾಫಿಗೆ ಕರೆದವರ ಮನೆಯಲ್ಲಿ ಕುಳಿತಾಗ, ಬಟ್ಟಲಿನಿಂದ ತಲೆಯೆತ್ತಿ ಗೋಡೆಯ ಕಪಾಟಿನ ಕಡೆಗೂ ಒಮ್ಮೆ ನೋಡಿಯಾನು.