ಮಣಿಕಟ್ಟಿನ ಮೊದಲ ಹತ್ತು ಡಿಗ್ರಿ

ಹಳೆಯ ಬುಲೆಟ್ಟಿನ ಎಕ್ಸಿಲೇಟರನ್ನು ಕೊನೆಯವರೆಗೆ ತಿರುಗಿಸಿ ನೋಡಿದವರಿಗೆ ಗೊತ್ತು. ಮೊಣಕೈ ಪಕ್ಕೆಯ ಹತ್ತಿರಕ್ಕೆ ಇಳಿಯುತ್ತದೆ, ಮಣಿಕಟ್ಟು ಹಿಂದಕ್ಕೆ ಮುರಿಯುವಷ್ಟು ಬಾಗುತ್ತದೆ. ಅರ್ಧ ತಿರುಗಿಸಿ, ಹಿಡಿತ ಸಡಿಲಿಸಿ, ಮತ್ತೆ ಹಿಡಿದು ಉಳಿದರ್ಧವನ್ನು ತಿರುಗಿಸುವವರೇ ಹೆಚ್ಚು. ಎದುರು ವಾಹನ ಬರುವುದರೊಳಗೆ ಲಾರಿಯೊಂದನ್ನು ದಾಟಬೇಕಾದಾಗ ಈ ಎರಡು ಪಟ್ಟಿನ ಕೆಲಸ ಸಾಕುಸಾಕೆನಿಸುತ್ತದೆ. ಕಡಿಮೆ ತಿರುವಿಗೇ ಪೂರ್ತಿ ತೆರೆಯುವ ಕ್ವಿಕ್ ಥ್ರಾಟಲ್ ಹಾಕಿಸುವ ಆಸೆ ಹುಟ್ಟುವುದು ಅಂಥ ಹೊತ್ತಿನಲ್ಲಿ. ನನಗೂ ಹುಟ್ಟಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದನ್ನು ಕೊಂಡು, ಎರಕದ ಕಬ್ಬಿಣದ ಇಂಜಿನ್ನಿನ ನನ್ನ 350ಕ್ಕೆ ಹಾಕಿಸಿ, ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಓಡಿಸಿದೆ. ಆಮೇಲೆ ತೆಗೆಸಿದೆ. ಈ ಬಿಡಿಭಾಗದ ಗುಣವೇನು, ಅದು ಯಾರಿಗೆ ಸಲ್ಲುತ್ತದೆ, ನಮ್ಮ ರಸ್ತೆಗೆ ಯಾಕೆ ಒಗ್ಗುವುದಿಲ್ಲ ಎಂಬುದನ್ನು ಆ ಎರಡು ಕಾಲದ ಓಡಾಟದ ಬಲದ ಮೇಲೆ ಹೇಳುತ್ತಿದ್ದೇನೆ.

ಇದರ ಒಳಗಿನ ಲೆಕ್ಕ ಸರಳ. ಗ್ರಿಪ್ಪಿನ ಕೆಳಗಿರುವ ಕೊಳವೆಯ ತುದಿಯಲ್ಲಿ ಒಂದು ಉರುಳೆ ಇರುತ್ತದೆ. ಕೈ ತಿರುಗಿಸಿದಂತೆ ಕೇಬಲ್ ಆ ಉರುಳೆಗೆ ಸುತ್ತಿಕೊಳ್ಳುತ್ತ ಕಾರ್ಬೊರೇಟರಿನಲ್ಲಿ ಗಾಳಿಯ ದಾರಿ ತೆರೆದು ಮುಚ್ಚುವ ಸ್ಲೈಡನ್ನು ಮೇಲಕ್ಕೆಳೆಯುತ್ತದೆ. ಗಾಳಿಪಟದ ದಾರ ಸುತ್ತುವ ಉರುಳೆ ದಪ್ಪಗಿದ್ದಷ್ಟೂ ಒಂದು ಸುತ್ತಿಗೆ ಹೆಚ್ಚು ದಾರ ಒಳಬರುವುದಿಲ್ಲವೇ, ಇಲ್ಲಿಯೂ ಹಾಗೆಯೇ. ನನ್ನ ಗಾಡಿಯಲ್ಲಿರುವುದು 24 ಮಿ.ಮೀ. ಬಾಯಿಯ ಮಿಕ್‌ಕಾರ್ಬ್ ಕಾರ್ಬೊರೇಟರ್. ಅದರ ಸ್ಲೈಡ್ ಪೂರ್ತಿ ಮೇಲೇಳಬೇಕಾದರೆ ಕೇಬಲ್ಲನ್ನು ಸುಮಾರು 24 ಮಿ.ಮೀ. ಎಳೆಯಬೇಕು. 90 ಡಿಗ್ರಿ ತಿರುವಿನಲ್ಲಿ ಅಷ್ಟು ಎಳೆಯಲು ಉರುಳೆಯ ತ್ರಿಜ್ಯ 15 ಮಿ.ಮೀ.ಗಿಂತ ತುಸು ಹೆಚ್ಚಿದ್ದರೆ ಸಾಕು. 60 ಡಿಗ್ರಿಯಲ್ಲೇ ಎಳೆಯಬೇಕೆಂದರೆ ಸುಮಾರು 23 ಮಿ.ಮೀ. ಬೇಕಾಗುತ್ತದೆ. ತ್ರಿಜ್ಯ ಒಂದೂವರೆ ಪಟ್ಟಾದರೆ ಕಾರ್ಬೊರೇಟರಿನ ಸ್ಪ್ರಿಂಗ್ ಕೈಗೆ ಒಡ್ಡುವ ಭಾರವೂ ಒಂದೂವರೆ ಪಟ್ಟು. ತಿರುವು ಕಡಿಮೆಯಾದಷ್ಟೂ ಗ್ರಿಪ್ ಗಟ್ಟಿಯಾಗುತ್ತದೆ. ಇದನ್ನು ತಪ್ಪಿಸುವ ದಾರಿ ಇಲ್ಲ.

ಹಾಕಿಸಿದ ಹೊಸತರಲ್ಲಿ ಎಲ್ಲರೂ ಹೇಳುವ ಮಾತು ಒಂದೇ: ‘ಪಿಕಪ್ ಜಾಸ್ತಿಯಾಯ್ತು.’ ನಾನೂ ಹೇಳಿದ್ದೆ. ಆದರೆ ಇಂಜಿನ್ನಿಗೆ ಸಿಗುವ ಗಾಳಿ ಹಿಂದಿನಷ್ಟೇ, ಪೆಟ್ರೋಲೂ ಹಿಂದಿನಷ್ಟೇ. ಪೂರ್ತಿ ತೆರೆದ ಸ್ಲೈಡ್ ಯಾವ ಉರುಳೆಯಿಂದ ತೆರೆದರೂ ಪೂರ್ತಿ ತೆರೆದದ್ದೇ. ಮೊದಲು ಕಾಲು ಭಾಗ ತಿರುಗಿಸಿದಾಗ ಸಿಗುತ್ತಿದ್ದದ್ದು ಈಗ ಅದಕ್ಕಿಂತ ಕಡಿಮೆ ತಿರುವಿಗೇ ಸಿಗುವುದರಿಂದ ಗಾಡಿ ಚುರುಕಾಗಿದೆ ಎಂದು ಕೈ ನಂಬುತ್ತದೆ. ಉಳಿಯುವುದು ಕೈ ತಿರುಗಿಸುವ ಕ್ಷಣಾರ್ಧ ಮಾತ್ರ, ಆ ಕ್ಷಣಾರ್ಧವೂ ಹಲವು ಸಲ ಕೈಗೆ ದಕ್ಕುವುದಿಲ್ಲ. ಸ್ಲೈಡ್ ಒಮ್ಮೆಲೇ ಮೇಲೆದ್ದರೆ ಗಾಳಿ ನುಗ್ಗುತ್ತದೆ. ಗಾಳಿಗಿಂತ ಭಾರವಾದ ಪೆಟ್ರೋಲು ಅದೇ ವೇಗದಲ್ಲಿ ಮೇಲೆ ಬರಲಾರದು. ಆ ಹೊತ್ತಿಗೆ ಹೆಚ್ಚುವರಿ ಪೆಟ್ರೋಲು ಚಿಮ್ಮಿಸುವ ಪಂಪ್ ಈ ಸಾದಾ ಕಾರ್ಬೊರೇಟರಿನಲ್ಲಿಲ್ಲ. ಇಂಜಿನ್ ಒಂದು ಗುಟುಕು ಉಸಿರು ಕಟ್ಟಿ, ಆಮೇಲೆ ಎಳೆಯುತ್ತದೆ. ಅದನ್ನು ತಪ್ಪಿಸಲು ಕೈಯನ್ನು ನಿಧಾನ ಮಾಡಬೇಕಾಯಿತು, ಅಂದರೆ ಹಣ ಕೊಟ್ಟು ಕೊಂಡ ವೇಗವನ್ನು ನಾನೇ ತಡೆದು ಹಿಡಿಯಬೇಕಾಯಿತು. ನಂತರ ಬಂದ ಯುಸಿಇ ಇಂಜಿನ್ನಿನ ಕಾರ್ಬೊರೇಟರ್ ಬುಲೆಟ್ 350ಗಳಲ್ಲಿ ಲಾಭ ಇನ್ನೂ ಕಡಿಮೆ. ಅವುಗಳಲ್ಲಿ ಕೇಬಲ್ ಎಳೆಯುವುದು ಚಿಟ್ಟೆ ಕವಾಟವನ್ನು ಮಾತ್ರ. ಸ್ಲೈಡ್ ಏಳುವುದು ಇಂಜಿನ್ನಿನ ಎಳೆತದಿಂದ, ಅದರದೇ ಗತಿಯಲ್ಲಿ.

ಹಾಗಾದರೆ ಇದು ಕೆಲಸಕ್ಕೆ ಬಾರದ ವಸ್ತುವೇ? ಖಂಡಿತ ಹಾಗಲ್ಲ. ಅದು ಸಲ್ಲುವ ಜಾಗದಲ್ಲಿ ಅದನ್ನು ನೋಡಬೇಕು. ಯುರೋಪಿನ ಸ್ಪೀಡ್‌ವೇ ಪಂದ್ಯಗಳ ಗಾಡಿಗಳಿಗೆ ಬ್ರೇಕೇ ಇಲ್ಲ. 500 ಸಿಸಿಯ ಒಂಟಿ ಸಿಲಿಂಡರ್, ಮೆಥನಾಲ್ ಇಂಧನ, ಮಣ್ಣಿನ ಅಂಡಾಕಾರದ ಹಾದಿಯಲ್ಲಿ ನಾಲ್ಕು ಸುತ್ತು. ಹಿಂದಿನ ಚಕ್ರವನ್ನು ಜಾರಿಸಿಯೇ ತಿರುವು ಹಾಕಬೇಕು, ಜಾರಿಸುವುದು ಎಕ್ಸಿಲೇಟರಿನಿಂದ. ಅಲ್ಲಿ ಗ್ರಿಪ್ ಬಿಟ್ಟು ಹಿಡಿಯುವಷ್ಟು ಸಮಯ ಯಾರಿಗೂ ಇಲ್ಲ. ಅಂಥವರಿಗೆ ಚಿಕ್ಕ ತಿರುವಿನ ಥ್ರಾಟಲ್ ಊರುಗೋಲಿದ್ದಂತೆ. ಟ್ರಯಲ್ಸ್ ಎಂಬ ಇನ್ನೊಂದು ಆಟದಲ್ಲಿ, ಕಾಲು ನೆಲಕ್ಕೆ ತಾಗಿಸದೆ ಬಂಡೆ, ತೊರೆ, ಜಾರುವ ಬೇರುಗಳ ಮೇಲೆ ಗಾಡಿ ಹತ್ತಿಸಬೇಕು. ಅಲ್ಲಿನ ಸವಾರರಿಗೆ ವೇಗದ ಕೊಳವೆಯೂ ಸಿಗುತ್ತದೆ, ನಿಧಾನದ ಕೊಳವೆಯೂ ಸಿಗುತ್ತದೆ. ಒದ್ದೆ ನೆಲದಲ್ಲಿ ಚಕ್ರ ಸುಮ್ಮನೆ ಗಿರಕಿ ಹೊಡೆಯಬಾರದೆಂದು ನಿಧಾನದ್ದನ್ನು ಬೇಕೆಂದೇ ಹಾಕಿಕೊಳ್ಳುತ್ತಾರೆ. ಎರಡೂ ಕಡೆ ಇರುವವರು ನುರಿತವರೇ, ಅವರು ಕೊಳವೆ ಆರಿಸುವುದು ಕಾಲ ಕೆಳಗಿನ ನೆಲ ನೋಡಿ.

ನಮ್ಮ ನೆಲ ಯಾವುದು? ಇದನ್ನು ಊಹೆಯಿಂದ ಹೇಳಬಾರದೆಂದು ಗ್ರಿಪ್ಪಿನ ಮೇಲೊಂದು, ಪಕ್ಕದ ಕವಚದ ಮೇಲೊಂದು ಬಿಳಿ ಟೇಪಿನ ಚೂರು ಅಂಟಿಸಿ, ಒಂದು ವಾರ ಕೈ ಎಲ್ಲಿರುತ್ತದೆ ಎಂದು ಗಮನಿಸುತ್ತ ಹೋದೆ. ಬೆಂಗಳೂರಿನೊಳಗೆ ಗುರುತು ಮೊದಲ ಕಾಲು ಭಾಗವನ್ನು ದಾಟಿದ್ದು ಅಪರೂಪ. ಸಿಗ್ನಲ್ಲಿನಿಂದ ಹೊರಡುವುದು, ಬಸ್ಸಿನ ಹಿಂದೆ ತೆವಳುವುದು, ಹಂಪಿನ ಮುಂದೆ ಇಳಿದು ಮತ್ತೆ ಏರುವುದು, ಎಲ್ಲವೂ ಅಷ್ಟರೊಳಗೆ. ಸ್ಲೈಡ್ ಏಳುವ ಮೊದಲ ಎಂಟನೇ ಒಂದು ಭಾಗದಲ್ಲಿ ಪೆಟ್ರೋಲಿನ ಲೆಕ್ಕ ಪೈಲಟ್ ಜೆಟ್ಟಿನದು. ಆಮೇಲೆ ಸ್ಲೈಡಿನ ಅಂಚಿನಲ್ಲಿ ಕತ್ತರಿಸಿದ ಭಾಗದ್ದು, ಆಮೇಲೆ ಸೂಜಿಯದು, ಮುಕ್ಕಾಲು ದಾಟಿದ ಮೇಲೆ ಮೇನ್ ಜೆಟ್ಟಿನದು. ಆ ಮೊದಲ ಎಂಟನೇ ಒಂದು ಭಾಗಕ್ಕೆ 90 ಡಿಗ್ರಿಯ ಹಳೆಯ ಕೊಳವೆಯಲ್ಲಿ ಹನ್ನೊಂದು ಡಿಗ್ರಿಗೂ ಮಿಕ್ಕ ಜಾಗವಿತ್ತು. 60 ಡಿಗ್ರಿಯ ಹೊಸದರಲ್ಲಿ ಏಳೂವರೆ. ದಿನವಿಡೀ ನಾನು ಬದುಕುವ ಜಾಗದಲ್ಲೇ ಮೂರನೇ ಒಂದು ಭಾಗವನ್ನು ಕ್ವಿಕ್ ಥ್ರಾಟಲ್ ಕಿತ್ತುಕೊಂಡಿತ್ತು. ಬದಲಿಗೆ ಕೊಟ್ಟದ್ದು ಮೇಲಿನ ತುದಿಯ ಸಲೀಸನ್ನು, ಅಲ್ಲಿಗೆ ನಾನು ಹೋಗುವುದು ವಾರಕ್ಕೊಮ್ಮೆ ಹೆದ್ದಾರಿಯಲ್ಲಿ.

ಇದರ ಅಪಾಯ ನನಗೆ ಮನದಟ್ಟಾದದ್ದು ಆಗುಂಬೆಯಲ್ಲಿ. ಘಾಟಿಯ 14 ಹಿಮ್ಮುರಿ ತಿರುವುಗಳನ್ನು ಜಡಿಮಳೆಯಲ್ಲಿ ಹತ್ತುತ್ತಿದ್ದೆ. ತಿರುವಿನ ನಡುವೆ ಗುಂಡಿಯೊಂದಕ್ಕೆ ಮುಂದಿನ ಚಕ್ರ ಬಿತ್ತು, ಮೈ ಹಿಂದಕ್ಕೆ ಎಗರಿತು. ಮೈ ಹಿಂದೆ ಹೋದರೆ ಮಣಿಕಟ್ಟೂ ಹಿಂದೆ ಬಾಗುತ್ತದೆ, ಮಣಿಕಟ್ಟು ಬಾಗಿದರೆ ಎಕ್ಸಿಲೇಟರ್ ತೆರೆಯುತ್ತದೆ. ಯಾವ ಬೈಕಿನಲ್ಲಾದರೂ ಇದು ಆಗುವಂಥದ್ದೇ. ಆದರೆ ಆ ದಿನ ಅಷ್ಟೇ ಕುಲುಕಾಟಕ್ಕೆ ಸ್ಲೈಡ್ ಒಂದೂವರೆ ಪಟ್ಟು ತೆರೆದುಕೊಂಡಿತು. ಹಿಂದಿನ ಚಕ್ರ ಒದ್ದೆ ಟಾರಿನ ಮೇಲೆ ಅರೆಕ್ಷಣ ಜಾರಿ, ಪುಣ್ಯಕ್ಕೆ ಮತ್ತೆ ಹಿಡಿಯಿತು. ಬೀಳಲಿಲ್ಲ. ಮೇಲೆ ಹತ್ತಿ ಗಾಡಿ ನಿಲ್ಲಿಸಿದಾಗ ಕೈ ನಡುಗುತ್ತಿತ್ತು. ಹಿಂದೆ ಕೂತಿದ್ದ ಹೆಂಡತಿ ಏನೂ ಕೇಳಲಿಲ್ಲ, ನನಗೆ ಹೇಳಲೂ ಆಗಲಿಲ್ಲ. ಹಳೆಯ ಕೊಳವೆಯ ಆ ಉದ್ದ ತಿರುವು ಇಷ್ಟು ವರ್ಷ ನಮ್ಮನ್ನು ಕಾಯುತ್ತಿತ್ತು ಎಂಬುದು ಅಲ್ಲಿ ತಿಳಿಯಿತು.

ಅಳವಡಿಸುವ ರೀತಿಯ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ ಹೆಚ್ಚಿನ ಕೆಡುಕು ಅಲ್ಲಿದೆ. ನನ್ನ ಹಳೆಯ ಗಾಡಿಗೆ ಒಂದೇ ಕೇಬಲ್. ಈಚಿನ ಅನೇಕ ಬೈಕುಗಳಿಗೆ ಎರಡು: ಒಂದು ತೆರೆಯಲು, ಇನ್ನೊಂದು ಎಳೆದು ಮುಚ್ಚಲು. ಸ್ಪ್ರಿಂಗ್ ಸೋತರೂ ಮುಚ್ಚಲೆಂದು ಇಟ್ಟಿರುವ ಆ ಎರಡನೆಯ ಕೇಬಲ್ಲನ್ನು ಕಿತ್ತು, ಒಂಟಿ ಕೇಬಲ್ಲಿನ ಕೊಳವೆ ಹಾಕುವುದನ್ನು ನಾನು ಕಂಡಿದ್ದೇನೆ. ಅದನ್ನು ಯಾವ ಕಾರಣಕ್ಕೂ ಒಪ್ಪಲಾರೆ. ಕವಚದಲ್ಲೇ ಇದ್ದ ಇಂಜಿನ್ ಆರಿಸುವ ಸ್ವಿಚ್ಚು ಹೊಸ ಕವಚದಲ್ಲಿ ಇರುವುದಿಲ್ಲ, ಅದಕ್ಕೆ ಬೇರೆ ಜಾಗ ಹುಡುಕಿ ಕೈಗೆಟಕುವಂತೆ ಕೂರಿಸಬೇಕು. ಗ್ರಿಪ್ಪಿನ ತುದಿ ಹ್ಯಾಂಡಲಿನ ತುದಿಯ ತೂಕಕ್ಕೆ ಉಜ್ಜಬಾರದು. ಕೊನೆಗೆ ಎರಡು ಪರೀಕ್ಷೆ. ಇಂಜಿನ್ ಐಡ್ಲಿಂಗಿನಲ್ಲಿರುವಾಗ ಹ್ಯಾಂಡಲನ್ನು ಎಡದ ತುದಿಯಿಂದ ಬಲದ ತುದಿಗೆ ತಿರುಗಿಸಬೇಕು, ಸದ್ದು ಒಂದಿಷ್ಟೂ ಏರಬಾರದು. ಏರಿದರೆ ಕೇಬಲ್ ಬಿಗಿಯಾಗಿದೆ, ಯೂ ಟರ್ನ್ ಹೊಡೆಯುವಾಗ ಗಾಡಿ ತಾನಾಗಿ ರೈಸ್ ಆಗುತ್ತದೆ. ಎರಡನೆಯದು, ತಿರುಗಿಸಿ ಕೈ ಬಿಟ್ಟರೆ ಗ್ರಿಪ್ ಟಕ್ಕೆಂದು ಮುಚ್ಚಿಕೊಳ್ಳಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಗಾಡಿಯನ್ನು ರಸ್ತೆಗಿಳಿಸಬಾರದು.

ಇಷ್ಟೆಲ್ಲ ಹೇಳಿದ ಮೇಲೂ ಇದರ ಒಂದು ಗುಣವನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಮಣಿಕಟ್ಟಿನ ಮೂಳೆ ಮುರಿದು ಕೂಡಿಕೊಂಡವರಿಗೆ, ಸಂಧಿವಾತದವರಿಗೆ ಪೂರ್ತಿ ತಿರುವು ನಿಜಕ್ಕೂ ನೋವು ಕೊಡುತ್ತದೆ. ಅವರಿಗೆ ಚಿಕ್ಕ ತಿರುವು ಬೈಕಿನ ಸಹವಾಸ ಉಳಿಸಿಕೊಡಬಹುದು, ಸ್ಪ್ರಿಂಗಿನ ಹೆಚ್ಚಿದ ಭಾರವನ್ನು ಕೈ ತಾಳುವುದಾದರೆ. ಅಂಥವರು 75 ಡಿಗ್ರಿಯ ಆಸುಪಾಸಿನದನ್ನೋ, ಉರುಳೆ ದುಂಡಗಿರದೆ ಬಸವನಹುಳುವಿನ ಚಿಪ್ಪಿನಂತೆ ಹಿಗ್ಗುತ್ತ ಹೋಗುವಂಥದನ್ನೋ ಹುಡುಕಲಿ. ಎರಡನೆಯದರಲ್ಲಿ ಕೇಬಲ್ ಮೊದಲಿಗೆ ಮೆಲ್ಲಗೆ, ಆಮೇಲೆ ಬೇಗ ಬರುತ್ತದೆ. ತಯಾರಕರ ಯೋಚನೆಯೂ ಇದೇ ದಾರಿಯಲ್ಲಿದೆ. ಹೊಸೂರಿನ ಟಿವಿಎಸ್ 2020ರಲ್ಲಿ ಅಪಾಚೆ ಆರ್‌ಆರ್ 310ಕ್ಕೆ ಕೇಬಲ್ಲಿಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್ ಕೊಟ್ಟಾಗ ಟ್ರ್ಯಾಕಿಗೊಂದು, ಮಳೆಗೊಂದು, ಊರಿನ ಓಡಾಟಕ್ಕೊಂದು ಎಂದು ಬೇರೆ ಬೇರೆ ಮೋಡ್ ಇಟ್ಟಿತು. ರೇಸಿನ ಧಾಟಿಯ ಗಾಡಿಯಲ್ಲೂ ಮಳೆಗೆ ಕೈ ಮೆತ್ತಗಿರಲಿ ಎಂಬುದೇ ಅದರ ಅರ್ಥ.

ಹಳೆಯ ಕೊಳವೆಯನ್ನು ಮತ್ತೆ ಹಾಕುವಾಗ ನನ್ನ ಪರಿಚಯದ ಮೆಕ್ಯಾನಿಕ್ ಕೇಬಲ್ ಬಿಚ್ಚಿ ಬೆಳಕಿಗೆ ಹಿಡಿದರು. ಒಳಗಿನ ತಂತಿ ಒಣಗಿ, ತುಕ್ಕಿನ ಪುಡಿ ಉದುರುತ್ತಿತ್ತು. ‘ಇದನ್ನ ಬದಲಾಯಿಸಿದ್ರೆ ಸಾಕಿತ್ತಲ್ಲ ಸಾರ್’ ಅಂದರು. ಹೊಸ ಕೇಬಲ್ ಹಾಕಿ, ಎಣ್ಣೆ ಬಿಟ್ಟು, ಸಡಿಲವಿದ್ದ ಎರಡು ಮೂರು ಮಿ.ಮೀ. ಹೆಚ್ಚುವರಿ ಆಟವನ್ನು ತೆಗೆದರು. ಉಳಿದದ್ದು ನನ್ನ ಕೈಯ ತಪ್ಪು. ಗ್ರಿಪ್ಪನ್ನು ಸುತ್ತಿಗೆ ಹಿಡಿದಂತೆ ಹಿಡಿಯುತ್ತಿದ್ದೆ. ಸ್ಕ್ರೂಡ್ರೈವರ್ ಹಿಡಿದಂತೆ ತುಸು ಓರೆಯಾಗಿ ಹಿಡಿದರೆ ಮಣಿಕಟ್ಟು ಇನ್ನೂ ದೂರ ತಿರುಗುತ್ತದೆ. ಲಾರಿ ದಾಟಲು ಈಗ ಒಂದೇ ಪಟ್ಟು ಸಾಕಾಗುತ್ತಿದೆ. ಗ್ರಿಪ್ಪಿನ ಮೇಲಿನ ಬಿಳಿ ಟೇಪನ್ನು ನಾನು ಇನ್ನೂ ಕಿತ್ತಿಲ್ಲ. ಕ್ವಿಕ್ ಥ್ರಾಟಲ್ ಹಾಕಿಸಲೇ ಎಂದು ಕೇಳಿ ಬರುವ ಹುಡುಗರಿಗೆ ಅದನ್ನು ತೋರಿಸಿ, ಮೊದಲು ಕೇಬಲ್ ಬದಲಾಯಿಸಿ ಒಂದು ವಾರ ನಿಮ್ಮ ಕೈ ಎಲ್ಲಿರುತ್ತದೆ ನೋಡಿಕೊಂಡು ಬನ್ನಿ ಎನ್ನುತ್ತೇನೆ.