ಎಣಿಕೆ ಸೊನ್ನೆಯಾದರೆ ಸಾಕೆ?

ಗಣಕ ವಿಜ್ಞಾನದ ಪಾಠಗಳಲ್ಲಿ ರೆಫರೆನ್ಸ್ ಕೌಂಟಿಂಗ್, ಅಂದರೆ ಉಲ್ಲೇಖ ಎಣಿಕೆಯನ್ನು, ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ಮುಗಿಸಲಾಗುತ್ತದೆ: ವಸ್ತುವನ್ನು ಹೊಸಬರು ಬಳಸತೊಡಗಿದಾಗ ಎಣಿಕೆಗೆ ಒಂದು ಕೂಡಿಸಿ, ಬಿಟ್ಟಾಗ ಒಂದು ಕಳೆಯಿರಿ, ಸೊನ್ನೆಯಾದಾಗ ಸ್ಮೃತಿಯನ್ನು ಮುಕ್ತಗೊಳಿಸಿ. 1960ರಲ್ಲಿ ಜಾರ್ಜ್ ಕಾಲಿನ್ಸ್ ಈ ವಿಧಾನವನ್ನು ಪ್ರಕಟಿಸಿದ ಕಾಲಕ್ಕೆ ಈ ವಿವರಣೆ ಸಾಕಾಗಿತ್ತು. ಇಂದು ಕೈಯಲ್ಲಿರುವ ಮೊಬೈಲಿನಲ್ಲೇ ಹಲವು ಕೋರ್‌ಗಳು ಏಕಕಾಲದಲ್ಲಿ ದುಡಿಯುತ್ತವೆ. ಈಗ ಅದು ಅರ್ಧಸತ್ಯ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳವರಿಗೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಪರಿಚಿತ. ಒಂದು ಬ್ಯಾರನ್ನನ್ನು ಹಲವು ಮನೆಯವರು ಹಂಚಿಕೊಂಡಿದ್ದಾರೆಂದು ಭಾವಿಸೋಣ. ಎಷ್ಟು ಮನೆಯವರ ಸೊಪ್ಪು ಒಳಗಿದೆ ಎಂಬುದನ್ನು ಬಾಗಿಲ ಸ್ಲೇಟಿನಲ್ಲಿ ಬರೆಯುತ್ತಾರೆ. ಸೊನ್ನೆಯಾದರೆ ಬ್ಯಾರನ್ ಬೇರೆ ಗುಂಪಿನ ಪಾಲು.

ಸ್ಲೇಟಿನಲ್ಲಿ 2 ಇದೆ. ಇಬ್ಬರೂ ಒಟ್ಟಿಗೆ ಸೊಪ್ಪು ಇಳಿಸುತ್ತಾರೆ. ಇಬ್ಬರೂ 2 ಎಂದು ಓದಿ 1 ಎಂದು ಬರೆಯುತ್ತಾರೆ. ಒಳಗೆ ಯಾರ ಸೊಪ್ಪೂ ಇಲ್ಲದಿದ್ದರೂ ಬ್ಯಾರನ್ ಎಂದಿಗೂ ಬಿಡುಗಡೆಯಾಗದು. ಇದು ಸ್ಮೃತಿಯ ಸೋರಿಕೆ. 1 ಇರುವಾಗ ಇಬ್ಬರು ಹೊಸಬರು ಒಟ್ಟಿಗೆ ಬಂದು ತಲಾ 2 ಎಂದು ಬರೆದರೆ ಕೇಡು ಇನ್ನೂ ಹೆಚ್ಚು: ಒಬ್ಬರ ಸೊಪ್ಪು ಒಳಗಿರುವಾಗಲೇ ಎಣಿಕೆ ಸೊನ್ನೆಗೆ ಇಳಿಯುತ್ತದೆ. ಓದುವುದು, ಬದಲಿಸುವುದು, ಬರೆಯುವುದು ಮೂರನ್ನೂ ಅವಿಭಾಜ್ಯವಾಗಿ ಮಾಡುವ ಪ್ರೊಸೆಸರ್ ಆದೇಶಗಳಿಂದ ಈ ಎರಡೂ ದೋಷಗಳು ನೀಗುತ್ತವೆ. ಸ್ವಲ್ಪ ಮುಂದುವರಿದ ಪಾಠಗಳೂ ಇಲ್ಲಿಗೆ ನಿಲ್ಲುತ್ತವೆ. ನಮ್ಮ ಮುಖ್ಯ ಆಕ್ಷೇಪ ಇಲ್ಲಿಯೇ.

ಹೊಸಬನೊಬ್ಬ ದೂರದಿಂದಲೇ ಸ್ಲೇಟಿನಲ್ಲಿ 1 ಇರುವುದನ್ನು ನೋಡಿ ಹೊರಡುತ್ತಾನೆ. ಅವನು ತಲುಪುವಷ್ಟರಲ್ಲಿ ಕೊನೆಯವನು ಸೊನ್ನೆ ಬರೆದು ಹೋಗಿದ್ದಾನೆ. ಬೇರೆ ಗುಂಪು ಬಂದು ತನ್ನ ಲೆಕ್ಕ ಬರೆದಿದೆ. ಹೊಸಬ ಆ ಲೆಕ್ಕಕ್ಕೇ ಒಂದು ಕೂಡಿಸುತ್ತಾನೆ. ಕೂಡಿಸಿದ ಕ್ರಿಯೆ ಅವಿಭಾಜ್ಯವೇ. ಆದರೆ ಸ್ಲೇಟು ಬೇರೆಯವರದು! ಎಣಿಕೆಯು ವಸ್ತುವಿನ ಒಳಗೇ ಇರುವುದರಿಂದ, ವಸ್ತು ಹೋದರೆ ಎಣಿಕೆಯೂ ಹೋಗುತ್ತದೆ. ಮುಕ್ತಗೊಂಡ ಸ್ಮೃತಿಯನ್ನು ಹೀಗೆ ಬಳಸುವುದು ಬರೀ ತಪ್ಪು ಉತ್ತರಕ್ಕಷ್ಟೇ ಅಲ್ಲ, ದಾಳಿಕೋರರಿಗೂ ದಾರಿಯಾಗುತ್ತದೆ.

ಪರಿಹಾರ ಎರಡು ಬಗೆಯದು. ಪಟ್ಟಿಯಲ್ಲಿ ವಸ್ತುವನ್ನು ಹುಡುಕಿ ಎಣಿಕೆ ಏರಿಸುವುದನ್ನೂ, ಎಣಿಕೆಯನ್ನು ಸೊನ್ನೆಗಿಳಿಸಿ ಪಟ್ಟಿಯಿಂದ ತೆಗೆಯುವುದನ್ನೂ ಒಂದೇ ಬೀಗದಡಿ ಮಾಡುವುದು ಮೊದಲನೆಯದು. ಇದು ಸರಳ, ಆದರೆ ಪ್ರೊಸೆಸರ್‌ಗಳು ಹೆಚ್ಚಿದಂತೆ ಬೀಗದ ಮುಂದೆ ಸಾಲು ಬೆಳೆಯುತ್ತದೆ.

ಎರಡನೆಯದರಲ್ಲಿ ಬೆಂಗಳೂರಿನ ಪಾಲೂ ಇದೆ. ಪಾಲ್ ಮೆಕೆನಿ ಮೊದಲಾದವರು ರೂಪಿಸಿದ ಆರ್‌ಸಿಯು ವಿಧಾನವನ್ನು ಲಿನಕ್ಸ್‌ಗೆ ತರುವಲ್ಲಿ ಬೆಂಗಳೂರಿನ ಐಬಿಎಂ ಸಾಫ್ಟ್‌ವೇರ್ ಲ್ಯಾಬ್‌ನ ದೀಪಂಕರ್ ಶರ್ಮಾ ದುಡಿದರು. 2002ರ ಅಕ್ಟೋಬರಿನಲ್ಲಿ ಅದು 2.5.43 ಆವೃತ್ತಿಯನ್ನು ಸೇರಿತು. ಇಲ್ಲಿ ವಸ್ತುವನ್ನು ಪಟ್ಟಿಯಿಂದ ಮೊದಲು ಕಳಚುತ್ತಾರೆ. ಆಗಾಗಲೇ ಓದುತ್ತಿದ್ದವರೆಲ್ಲ ಮುಗಿಸುವವರೆಗೆ ಕಾದು, ಬಳಿಕವೇ ಸ್ಮೃತಿಯನ್ನು ಬಿಡುತ್ತಾರೆ. ಓದುಗನು ಎಣಿಕೆ ಸೊನ್ನೆಯಲ್ಲದಿದ್ದರೆ ಮಾತ್ರ ಏರಿಸುತ್ತಾನೆ. ಸೊನ್ನೆಯಿದ್ದರೆ ವಸ್ತು ಸಿಗಲಿಲ್ಲವೆಂದೇ ತಿಳಿಯುತ್ತಾನೆ. ಇದೂ ಸರ್ವರೋಗ ಪರಿಹಾರವಲ್ಲ: ಕಾಯುವಷ್ಟು ಹೊತ್ತು ಸ್ಮೃತಿ ತಡೆಹಿಡಿದಿರುತ್ತದೆ.

ಅನುಭವಿಗಳ ತಂತ್ರಾಂಶದಲ್ಲೂ ಎಣಿಕೆ ಕೈಕೊಟ್ಟಿದೆ. 2016ರ ಜನವರಿಯಲ್ಲಿ ಬಯಲಾದ ಲಿನಕ್ಸ್ ಕೀರಿಂಗ್ ದೋಷದಲ್ಲಿ, ಎಣಿಕೆ ಏರಿಸಿ ಇಳಿಸಲು ಮರೆತ ಒಂದು ದಾರಿಯಿತ್ತು. ಮತ್ತೆ ಮತ್ತೆ ಏರಿಸಿದರೆ 32 ಬಿಟ್‌ನ ಎಣಿಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತಿತ್ತು. 2017ರ 4.11 ಆವೃತ್ತಿಯಲ್ಲಿ ಬಂದ ರೆಫ್‌ಕೌಂಟ್-ಟಿ ಎಂಬ ಬಗೆಯು ಹೀಗೆ ತಿರುಗದೆ ಗರಿಷ್ಠ ಮಿತಿಯಲ್ಲೇ ನಿಲ್ಲುತ್ತದೆ. ಸೋರಿಕೆಯಾದರೂ ಚಿಂತೆಯಿಲ್ಲ, ಅಕಾಲ ಬಿಡುಗಡೆ ಬೇಡ ಎಂಬ ವಿವೇಕ ಇದರಲ್ಲಿದೆ.

ಪ್ರಯೋಗಾಲಯದಲ್ಲಿ ಸಾವಿರ ಬಾರಿ ಸರಿಯಾಗಿ ನಡೆದ ಕಾರ್ಯಕ್ರಮದಲ್ಲೂ ಈ ದೋಷ ಅಡಗಿರಬಹುದು. ಆದ್ದರಿಂದ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ. ಅಧ್ಯಾಪಕರು ಎರಡು ಎಳೆಗಳ ಹೆಜ್ಜೆಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಅವನ್ನು ಬೇರೆ ಬೇರೆ ಕ್ರಮದಲ್ಲಿ ಹೆಣೆದು ತೋರಿಸಬೇಕು. ಬಳಿಕ ಒಂದು ಪ್ರಶ್ನೆ ಕೇಳಬೇಕು: ವಿಳಾಸ ಕೈಗೆ ಬಂದ ಕ್ಷಣದಿಂದ ಎಣಿಕೆ ಏರುವ ಕ್ಷಣದವರೆಗೆ ಆ ವಸ್ತುವನ್ನು ಉಳಿಸಿದವರು ಯಾರು? ಇದಕ್ಕೆ ಉತ್ತರವಿಲ್ಲದ ಕಾರ್ಯಕ್ರಮ ಸರಿಯಾದುದಲ್ಲ.