ಒಂದೇ ಹಡಗು, ಎರಡು ಪಟ್ಟಿ

ಲಂಡನ್ನಿನ ಟವರ್ ಹಿಲ್ ಸ್ಮಾರಕವನ್ನು ಅದರ ಸಮಾನತೆಗಾಗಿ ಮೆಚ್ಚುವುದು ರೂಢಿಯಾಗಿಬಿಟ್ಟಿದೆ. ಆ ಮೆಚ್ಚುಗೆಗೆ ಅದು ಅರ್ಹವಲ್ಲ. ಲುಟ್ಯನ್ಸ್ ವಿನ್ಯಾಸದ 1928ರ ಮಂಟಪ, ಎಡ್ವರ್ಡ್ ಮಾಫ್ ರೂಪಿಸಿದ 1955ರ ತಗ್ಗುತೋಟ ಎರಡೂ ಗಂಭೀರ ಕೃತಿಗಳೇ. ಎರಡು ಮಹಾಯುದ್ಧಗಳಲ್ಲಿ ಮಡಿದು, ಕಡಲಿನ ಹೊರತು ಬೇರೆ ಸಮಾಧಿಯಿಲ್ಲದ ಸುಮಾರು 36,000 ವಾಣಿಜ್ಯ ನಾವಿಕರು ಮತ್ತು ಮೀನುಗಾರರ ಹೆಸರುಗಳು ಅಲ್ಲಿವೆ. ಕಟ್ಟಡದ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ಹೆಸರುಗಳನ್ನು ಜೋಡಿಸಿದ ಕ್ರಮದಲ್ಲಿ. ಸೈನಿಕರ ಸ್ಮಾರಕಗಳಲ್ಲಿ ರೆಜಿಮೆಂಟು, ಅದರೊಳಗೆ ದರ್ಜೆ. ಟವರ್ ಹಿಲ್‌ನಲ್ಲಿ ಮೊದಲು ಹಡಗಿನ ಹೆಸರು. ಅದರಡಿ ಮಾಸ್ಟರ್, ಎಂದರೆ ಹಡಗಿನ ಕಪ್ತಾನ, ಸತ್ತಿದ್ದರೆ ಅವನದು. ಆಮೇಲೆ ಉಳಿದವರೆಲ್ಲ ಅಕ್ಷರಾನುಕ್ರಮದಲ್ಲಿ. ಒಟ್ಟಿಗೆ ಮುಳುಗಿದವರು ಒಟ್ಟಿಗೇ ಇರಲಿ ಎಂಬ ಈ ಕ್ರಮವೇ ಸ್ಮಾರಕದ ಜೀವಾಳ. ವಿಮರ್ಶಕರು ಮನಸೋಲುವುದೂ ಇಲ್ಲಿಯೇ.

ಈಗ ‘ಸಿಟಿ ಆಫ್ ಬೆನಾರಸ್’ ಹಡಗನ್ನು ನೋಡೋಣ. 1940ರ ಸೆಪ್ಟೆಂಬರ್ 17ರ ರಾತ್ರಿ ಜರ್ಮನಿಯ ಜಲಾಂತರ್ಗಾಮಿಯೊಂದು ಅದನ್ನು ಅಟ್ಲಾಂಟಿಕ್‌ನಲ್ಲಿ ಮುಳುಗಿಸಿತು. ಸುರಕ್ಷತೆಗೆಂದು ಕೆನಡಾಕ್ಕೆ ಹೊರಟಿದ್ದ 90 ಮಕ್ಕಳಲ್ಲಿ 77 ಮಂದಿ ಸತ್ತರು. ಸಿಬ್ಬಂದಿಯ ಬಹುಪಾಲು ಲಸ್ಕರರು, ಎಂದರೆ ಭಾರತೀಯ ನಾವಿಕರು. ಹನ್ನೆರಡನೆಯ ಜೀವರಕ್ಷಕ ದೋಣಿಯಲ್ಲಿ ಎಂಟು ದಿನ ತೇಲಿದ 46 ಜನರಲ್ಲಿ 32 ಮಂದಿ ಅವರೇ. ಹಂಚಿಕೊಂಡ ನೀರು ಒಂದೇ, ಕೊರೆದ ಚಳಿ ಒಂದೇ. ಆ ಹಡಗಿನಲ್ಲಿ ಸತ್ತವರು ಮಾತ್ರ ಬೇರೆಯಾದರು. ಬ್ರಿಟಿಷ್ ನಾವಿಕರ ಹೆಸರು ಟವರ್ ಹಿಲ್‌ನ ಕಂಚಿನಲ್ಲಿ. ಲಸ್ಕರರದು ಮುಂಬಯಿ ಮತ್ತು ಚಿತ್ತಗಾಂಗ್‌ಗಳಲ್ಲಿ ಒಂದೊಂದು ಪ್ರತಿಯಿಟ್ಟ ಗೌರವಪಟ್ಟಿಯ ಪುಸ್ತಕದಲ್ಲಿ. ಎರಡನೇ ಮಹಾಯುದ್ಧದಲ್ಲಿ ಮಡಿದ ಸುಮಾರು 6,000 ಭಾರತೀಯ ವಾಣಿಜ್ಯ ನಾವಿಕರು ಆ ಪುಟಗಳಲ್ಲಿದ್ದಾರೆ. ಗೋಡೆಯ ಹೆಸರು ದಾರಿಹೋಕನ ಕಣ್ಣಿಗೂ ಬೀಳುತ್ತದೆ; ಪುಸ್ತಕದ ಹೆಸರನ್ನು ಹುಡುಕಿಕೊಂಡೇ ಹೋಗಬೇಕು.

ಇದನ್ನು ಸಮರ್ಥಿಸುವವರ ಮೊದಲ ವಾದ: ತಾಯ್ನಾಡಿನಲ್ಲಿ ನೆನೆಯುವುದೇ ಕುಟುಂಬಕ್ಕೆ ಹತ್ತಿರ. ಹಾಗಾದರೆ ಗ್ಲಾಸ್ಗೋದವನ ಹೆಸರು ಲಂಡನ್ನಿನಲ್ಲೇಕೆ? ಸಿಲ್ಹೆಟ್ಟಿನ ಹಳ್ಳಿಯ ವಿಧವೆಗೆ ಚಿತ್ತಗಾಂಗ್ ಹತ್ತಿರವಾಗಿತ್ತೇ? ಎರಡನೆಯ ವಾದ: ಲಸ್ಕರರ ದಾಖಲೆ ಸರಿಯಿರಲಿಲ್ಲ. ಹೆಸರುಗಳು ಪುಸ್ತಕಕ್ಕೆ ಸಿಕ್ಕಿವೆ, ಕಂಚಿಗೂ ಸಿಗುತ್ತಿದ್ದವು. ಮೂರನೆಯದು ಕಲಾವಿಮರ್ಶಕರದು: ಆಡಳಿತದ ತಪ್ಪಿಗೆ ವಾಸ್ತುಶಿಲ್ಪವನ್ನು ಹೊಣೆ ಮಾಡಬಾರದು. ಹೆಸರು ಹೊರಲೆಂದೇ ಎದ್ದ ಗೋಡೆಗಳಲ್ಲಿ ಹೆಸರಿನ ಕ್ರಮವೇ ಶಿಲ್ಪ. ಅದನ್ನು ಹೊಗಳುವಾಗ ಕಲೆ, ತೆಗಳುವಾಗ ಆಡಳಿತ ಎಂದರೆ ಅದು ವಿಮರ್ಶೆಯಲ್ಲ.

ಲಸ್ಕರರನ್ನು ಹಡಗಿಗೆ ಸೇರಿಸಿಕೊಳ್ಳುತ್ತಿದ್ದುದು ಪ್ರತ್ಯೇಕ ಕರಾರಿನ ಮೇಲೆ, ಬ್ರಿಟಿಷ್ ನಾವಿಕರಿಗಿಂತ ಬಹಳ ಕಡಿಮೆ ಸಂಬಳಕ್ಕೆ. 1939ರಲ್ಲಿ ಅದರ ವಿರುದ್ಧ ಮುಷ್ಕರ ಹೂಡಿದ ಕೆಲವರು ಸೆರೆಮನೆಯನ್ನೂ ಕಂಡರು. ಟವರ್ ಹಿಲ್ ಅನುಸರಿಸಿದ್ದು ಹಡಗನ್ನಲ್ಲ, ಆ ಕರಾರನ್ನು.

ಮೊದಲ ಮಹಾಯುದ್ಧದಲ್ಲಿ ಏಷ್ಯಾ, ಆಫ್ರಿಕಾದ ಮೃತರನ್ನು ಅಸಮಾನವಾಗಿ ಸ್ಮರಿಸಿದ್ದನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿದೆ. ಕ್ಷಮೆ ಸಾಲದು. ‘ಸಿಟಿ ಆಫ್ ಬೆನಾರಸ್’ ಎಂಬ ಹೆಸರಿನಡಿ ಆ ಹಡಗಿನ ಲಸ್ಕರರ ಹೆಸರುಗಳೂ ಬರಬೇಕು, ಅಕ್ಷರಾನುಕ್ರಮದಲ್ಲಿ, ಉಳಿದವರ ನಡುವೆಯೇ. ಅಲ್ಲಿಯವರೆಗೆ ಟವರ್ ಹಿಲ್ ಅನ್ನು ಸಮಾನತೆಯ ಸ್ಮಾರಕವೆಂದು ಕರೆಯುವುದನ್ನು ನಾವು ನಿಲ್ಲಿಸಬೇಕು.